ಉಳಿದವನು ಮತ್ತು ಉಳಿಯದವರು: ಕಾಳಿ ಸೇತುವೆ, ಶಿರೂರು ಗುಡ್ಡ ಮತ್ತು ನಮ್ಮ ಕ್ರೈಸ್ತ ನಂಬಿಕೆ

ಕೋಡಿಬಾಗದ ಮಾಸ್ತರ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಿನ ಹಳೆಯ ಕಾಳಿ ಸೇತುವೆ ಕುಸಿದಾಗ ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಕ್ಯಾಬಿನ್ನಿನ ಮೇಲೆ ಹತ್ತಿ ಕುಳಿತಿದ್ದ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ದಡಕ್ಕೆ ತಂದರು. ಆ ವಾರದ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ (ಚರ್ಚಿನ) ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: ಇದು ದೇವರ ಕೈ. ಅಲ್ಲಿಗೆ ಸುಮಾರು ಮೂರು ವಾರ ಮೊದಲು, ಜುಲೈ 16ರಂದು, ಇದೇ 66ನೆಯ ಹೆದ್ದಾರಿಯಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರಿನ ಗುಡ್ಡ ಜಾರಿ, ರಸ್ತೆಯಂಚಿನಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವನ್ನೂ, ಚಹಾಕ್ಕೆಂದು ವಾಹನ ನಿಲ್ಲಿಸಿದ್ದವರನ್ನೂ ಗಂಗಾವಳಿಗೆ ತಳ್ಳಿತ್ತು. ಅಲ್ಲಿಯೂ ಒಂದು ಲಾರಿ ಇತ್ತು. ಅದು ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಚಾಲಕನ ದೇಹದ ಸಮೇತ. ಆಗ ದೇವರ ಕೈಯ ಬಗ್ಗೆ ಯಾರೂ ಮಾತನಾಡಲಿಲ್ಲ.

ನಾನು ಪೂಜೆ ತಪ್ಪಿಸುವವನಲ್ಲ, ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಕೂಡ ಬಿಟ್ಟವನಲ್ಲ. ಆದರೆ ಬದುಕಿಡೀ ಗಣಿತ ಕಲಿಸಿದವನಿಗೆ ಲೆಕ್ಕದ ಒಂದು ಬದಿಯನ್ನು ಮಾತ್ರ ಬರೆದು ಉತ್ತರ ತೆಗೆಯುವುದು ಸಹಿಸುವುದಿಲ್ಲ. ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಚಟವೆಂದರೆ ಕಾಳಿಯ ಅಳಿವೆಯಲ್ಲಿ ಗಾಳ ಹಾಕುವುದು. ಅದಕ್ಕೊಂದು ವಹಿಯನ್ನೂ ಇಟ್ಟಿದ್ದೇನೆ: ತಿಥಿ, ಭರತ–ಇಳಿತದ ಹೊತ್ತು, ನೀರಿನ ಬಣ್ಣ, ಸಿಗಡಿ ಕಟ್ಟಿದ್ದೋ ಬೇರೇನೋ, ಚೋಣಕ್ ಮೀನು ಬಂತೋ ಇಲ್ಲವೋ. ಜೊತೆಯ ಗಾಳಗಾರರಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಕೈಹಿಡಿಯುವ ಕಲ್ಲು, ಒಂದೊಂದು ಕೈಹಿಡಿಯುವ ವಾರವಿದೆ. ಬರಿಗೈಯಲ್ಲಿ ಮರಳಿದ ದಿನಗಳನ್ನೂ ಬರೆದಿಟ್ಟರೆ ಆ ಕಲ್ಲುಗಳ ಮಹಿಮೆ ಬಹುಮಟ್ಟಿಗೆ ಕರಗುತ್ತದೆ. ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಭರತದ ಪಾತ್ರ ಮಾತ್ರ ಕರಗದೆ ಉಳಿಯುತ್ತದೆ. ನನ್ನ ಪ್ರಶ್ನೆ ಇಷ್ಟೇ: ಮೀನಿನ ವಿಷಯದಲ್ಲಿ ಇಷ್ಟು ಪ್ರಾಮಾಣಿಕನಾಗಿರುವ ಮನುಷ್ಯ ದೇವರ ವಿಷಯದಲ್ಲಿಯೂ ಹಾಗೆಯೇ ಇರಬೇಡವೇ?

ಇದು ಹೊಸ ಪ್ರಶ್ನೆಯಲ್ಲ. ಮೆಲೋಸ್ ದ್ವೀಪದ ಡಯಾಗೊರಸ್‌ನಿಗೆ ಗೆಳೆಯನೊಬ್ಬ ದೇಗುಲದಲ್ಲಿದ್ದ ಹರಕೆಯ ಚಿತ್ರಗಳನ್ನು ತೋರಿಸಿ, ಹಡಗು ಒಡೆದರೂ ಬದುಕಿ ಬಂದವರು ಎಷ್ಟು ಜನ ನೋಡು ಎಂದನಂತೆ. ಮುಳುಗಿಹೋದವರು ಚಿತ್ರ ಬರೆಸಲಿಲ್ಲವಲ್ಲ ಎಂದು ಆತ ಉತ್ತರಿಸಿದನೆಂದು ರೋಮಿನ ಸಿಸೆರೊ ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯಲ್ಲಿಯೂ ಹರಕೆಯ ಮೇಣದ ಕೈಕಾಲುಗಳನ್ನು ಕಂಡಾಗಲೆಲ್ಲ ಈ ಕಥೆ ನನಗೆ ನೆನಪಾಗುತ್ತದೆ. ಬಲ್ಲವರು ಇದಕ್ಕೆ ಉತ್ತರ ಬರೆಯಬೇಕು, ಭಕ್ತರೂ ಬರೆಯಬೇಕು, ನಂಬಿಕೆ ಬಿಟ್ಟವರೂ ಬರೆಯಬೇಕು.

ಚಂದಾವರ ವಾಸಿ

ಮಾಸ್ತರರೇ, ನಿಮ್ಮ ವಹಿಯ ಬಗ್ಗೆ ನನಗೆ ಗೌರವವಿದೆ. ಆದರೆ ನೀವು ಕೃತಜ್ಞತೆಯನ್ನು ಸಿದ್ಧಾಂತವೆಂದು ಓದಿ ಅದಕ್ಕೆ ಅಂಕ ಹಾಕುತ್ತಿದ್ದೀರಿ. ದೋಣಿ ಮಗುಚಿ ಮಗ ಈಜಿ ದಡ ಸೇರಿದಾಗ ತಾಯಿಯೊಬ್ಬಳು ‘ದೇವರು ಕಾಪಾಡಿದ’ ಎನ್ನುತ್ತಾಳೆ. ಬೇರೆಯವರ ಮಗನನ್ನು ದೇವರು ಕೈಬಿಟ್ಟನೆಂದು ಆಕೆ ಹೇಳಲಿಲ್ಲ, ಹೇಳುವ ಮನಸ್ಸೂ ಅವಳಿಗಿಲ್ಲ. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ನಮ್ಮೂರಿಗೆ ಬರುವ ಜನರನ್ನು ನೋಡಿ; ಅವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟಿದ್ದಾರೆ. ಅವರು ವಾದ ಮಂಡಿಸಲು ಬರುವುದಿಲ್ಲ, ಮೇಣದಬತ್ತಿ ಹಚ್ಚಲು ಬರುತ್ತಾರೆ. ಬತ್ತಿ ಹಚ್ಚುವವಳನ್ನು ನಿಲ್ಲಿಸಿ ಲೆಕ್ಕ ಕೇಳುವುದು ನನಗೆ ವಿವೇಕವೆಂದು ತೋರುವುದಿಲ್ಲ.

ಮಲ್ಲಾಪುರ ನಿವಾಸಿ

ಕೈಗಾದ ಕಾಲನಿಯಲ್ಲಿ ಇರುವವನು ನಾನು, ಪ್ರೊಟೆಸ್ಟಂಟ್ ಮನೆತನದವನು. ಪಾಳಿ ಇಲ್ಲದ ರಾತ್ರಿಗಳಲ್ಲಿ ಸಂಭವನೀಯತೆಯ ಪುಸ್ತಕಗಳನ್ನು ಓದುವುದು ನನ್ನ ಹವ್ಯಾಸ. ಮನೆಯವರ ಪಾಲಿಗೆ ಅದೊಂದು ರೋಗ. ಆ ಶಾಸ್ತ್ರದ ಬುಡದಲ್ಲಿಯೇ ಇಬ್ಬರು ಪಾದ್ರಿಗಳಿದ್ದಾರೆ ಎಂಬುದು ಈ ಚರ್ಚೆಗೆ ಸಲ್ಲುತ್ತದೆ. ಪವಾಡದ ಸಾಕ್ಷ್ಯವನ್ನು ಎಂದಿಗೂ ನಂಬಲಾಗದೆಂಬ ಅರ್ಥದ ವಾದವನ್ನು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಮುಂದಿಟ್ಟರು. 1761ರಲ್ಲಿ ತೀರಿಕೊಂಡ ಪ್ರೆಸ್ಬಿಟೇರಿಯನ್ ಪಾದ್ರಿ ಥಾಮಸ್ ಬೇಯ್ಸ್ ಅವರ ಕಾಗದಗಳಲ್ಲಿ, ಹೊಸ ಸಾಕ್ಷ್ಯ ದೊರೆತಾಗ ನಂಬಿಕೆಯನ್ನು ಎಷ್ಟರಮಟ್ಟಿಗೆ ಬದಲಿಸಬೇಕು ಎಂಬ ಲೆಕ್ಕಕ್ಕೆ ದಾರಿ ತೋರುವ ಪ್ರಬಂಧವೊಂದು ಸಿಕ್ಕಿತು. ಅದನ್ನು 1763ರಲ್ಲಿ ಹೊರತಂದ ರಿಚರ್ಡ್ ಪ್ರೈಸ್ ಕೂಡ ಪಾದ್ರಿಯೇ, ಮತ್ತು ಅದೇ ಬಗೆಯ ತರ್ಕವನ್ನು ಅವರು ಹ್ಯೂಮರಿಗೆ ಉತ್ತರವಾಗಿ ಬಳಸಿದರು.

ಆ ಲೆಕ್ಕ ಹೇಳುವುದಿಷ್ಟು: ಒಂದು ಘಟನೆ ನನ್ನ ನಂಬಿಕೆಗೆ ಬಲ ಕೊಡಬೇಕಾದರೆ, ನಂಬಿಕೆ ನಿಜವಾಗಿದ್ದಾಗ ಅದು ನಡೆಯುವ ಸಾಧ್ಯತೆ ನಂಬಿಕೆ ಸುಳ್ಳಾಗಿದ್ದಾಗಿನ ಸಾಧ್ಯತೆಗಿಂತ ಹೆಚ್ಚಾಗಿರಬೇಕು. ಚಾಲಕ ಉಳಿದರೆ ಕೃಪೆ, ಸತ್ತರೆ ದೇವರ ಚಿತ್ತ ಎನ್ನುವವನ ನಂಬಿಕೆಯನ್ನು ಯಾವ ಘಟನೆಯೂ ಅಲುಗಿಸಲಾರದು. ಆದುದರಿಂದಲೇ ಯಾವ ಘಟನೆಯೂ ಅದನ್ನು ಬಲಪಡಿಸಲಾರದು. ಚಂದಾವರದವರು ಹೇಳಿದಂತೆ ಅದು ಬರಿಯ ಕೃತಜ್ಞತೆಯಾದರೆ ನನ್ನ ತಕರಾರಿಲ್ಲ. ಆದರೆ ಮರುಗಳಿಗೆಯಲ್ಲಿ ಅದನ್ನೇ ಮೊಬೈಲಿನಲ್ಲಿ ‘ದೇವರಿದ್ದಾನೆ ಎಂಬುದಕ್ಕೆ ಸಾಕ್ಷಿ’ ಎಂದು ಹಂಚುತ್ತಾರಲ್ಲ, ಅಲ್ಲಿಗೆ ಅದು ಕೃತಜ್ಞತೆಯಾಗಿ ಉಳಿಯಲಿಲ್ಲ.

ಹೊನ್ನಾವರದ ನರ್ಸಕ್ಕ

ವಾರ್ಡಿನಲ್ಲಿ ರಾತ್ರಿ ಕಳೆಯುವ ನನಗೆ ಈ ಮಾತು ದಿನವೂ ಕೇಳುತ್ತದೆ. ಸರಿಯಾದ ಹೊತ್ತಿಗೆ ರಕ್ತ ಸಿಕ್ಕಿ ಬಾಣಂತಿ ಉಳಿದಾಗ ಅವಳ ಮನೆಯವರು ಪವಾಡ ಎನ್ನುತ್ತಾರೆ. ಪಕ್ಕದ ಹಾಸಿಗೆಯವರು ಅದನ್ನು ಕೇಳುತ್ತ ಸುಮ್ಮನೆ ಗೋಡೆಯ ಕಡೆ ತಿರುಗುತ್ತಾರೆ.

ಕಥೋಲಿಕ ಸಭೆಯೇ ಪವಾಡದ ವಿಷಯದಲ್ಲಿ ನಮಗಿಂತ ಎಷ್ಟೋ ಕಟ್ಟುನಿಟ್ಟಾಗಿದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. 1858ರಲ್ಲಿ ಬರ್ನದೆತ್ತ ಎಂಬ ಹುಡುಗಿಗೆ ಮಾತೆ ಮರಿಯಳ ದರ್ಶನವಾಯಿತೆನ್ನುವ ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ, ಗುಣಮುಖರಾದೆವೆಂದು ಬರುವವರ ಕಾಗದಪತ್ರಗಳನ್ನು ಪರಿಶೀಲಿಸಲು ವೈದ್ಯರ ಕಚೇರಿಯೇ ಇದೆ. ರೋಗ ಗಂಭೀರವಾಗಿದ್ದು ಮೊದಲೇ ಖಚಿತವಾಗಿರಬೇಕು, ಗುಣವಾದದ್ದು ತಟ್ಟನೆ ಆಗಿರಬೇಕು, ಪೂರ್ತಿ ಗುಣವಾಗಿರಬೇಕು, ಮರುಕಳಿಸಬಾರದು, ಪಡೆದ ಚಿಕಿತ್ಸೆಯಿಂದ ಅದನ್ನು ವಿವರಿಸುವಂತಿರಬಾರದು. ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿ ದಾಖಲಾಗಿವೆ; ಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಬರ್ನದೆತ್ತ ಸ್ವತಃ 1879ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಅವಳನ್ನು ಸಂತಳೆಂದು ಸಾರಲು ಇದು ಅಡ್ಡಿಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ನಾನು ಜಪಸರ ಹಿಡಿಯುತ್ತೇನೆ, ಸಲೈನನ್ನೂ ಹಚ್ಚುತ್ತೇನೆ. ಒಂದರ ಕೆಲಸವನ್ನು ಇನ್ನೊಂದರ ಹೆಸರಿಗೆ ಬರೆಯುವುದಿಲ್ಲ.

ಗಂಗಾವಳಿ ದಂಡೆಯವಳು

ನಾನು ಈ ಚರ್ಚೆಗೆ ತಡವಾಗಿ ಬಂದೆ, ಬರುವ ಮನಸ್ಸೂ ಇರಲಿಲ್ಲ. ಕಥೋಲಿಕ ಮನೆಯಲ್ಲಿ ಹುಟ್ಟಿ, ದೃಢೀಕರಣದ ಸಂಸ್ಕಾರವನ್ನೂ ಪಡೆದು, ಈಗ ಇಗರ್ಜಿಗೆ ಹೋಗದವಳು ನಾನು. ಶಿರೂರಿನ ಗುಡ್ಡ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದುರು ದಂಡೆಯ ಉಳುವರೆ ಹಳ್ಳಿಗೆ ನುಗ್ಗಿ ಮನೆಗಳನ್ನೇ ಎಳೆದೊಯ್ಯಿತು. ರಸ್ತೆಯಲ್ಲಿದ್ದವರಂತೂ ಹೋದರು, ಹೊಳೆಯಾಚೆ ತಮ್ಮ ಮನೆಯೊಳಗಿದ್ದವರು ಏನು ಮಾಡಿದ್ದರು?

ನೀವೆಲ್ಲ ಪವಾಡವಾದಿಗಳನ್ನು ತಿದ್ದುವುದರಲ್ಲಿ ತೊಡಗಿದ್ದೀರಿ, ಅದು ಸುಲಭದ ಕೆಲಸ. ಕಷ್ಟದ ಪ್ರಶ್ನೆ ಹಾಗೆಯೇ ಕುಳಿತಿದೆ. ಎಲ್ಲವನ್ನೂ ಬಲ್ಲ, ಎಲ್ಲವನ್ನೂ ಮಾಡಬಲ್ಲ, ಪ್ರೀತಿಯೇ ಆಗಿರುವ ದೇವರೊಬ್ಬನಿದ್ದರೆ ಆ ಗುಡ್ಡ ಅಂದು ಬೆಳಿಗ್ಗೆ ಯಾಕೆ ಬಿತ್ತು? ಮನುಷ್ಯನ ಸ್ವಾತಂತ್ರ್ಯ ಎಂಬ ಸಿದ್ಧ ಉತ್ತರವನ್ನು ದಯವಿಟ್ಟು ಕೊಡಬೇಡಿ. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದು ಮನುಷ್ಯರು ನಿಜ, ಆದರೆ ಕಡಿದವರು ಯಾರೂ ಆ ಚಹಾ ಅಂಗಡಿಯಲ್ಲಿ ಕುಳಿತಿರಲಿಲ್ಲ.

ಶಿರಸಿ ತೋಟಿಗ

ಕ್ರೈಸ್ತನಲ್ಲದವನು ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನನ್ನದು ಅಡಿಕೆ ತೋಟ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸುವ ಗಡಿಬಿಡಿ ಕಳೆದ ಮೇಲೆ ಸಂಜೆ ದರ್ಶನಗ್ರಂಥಗಳನ್ನು ತಿರುವಿ ಹಾಕುವ ಅಭ್ಯಾಸ. ಗಂಗಾವಳಿ ದಂಡೆಯ ತಂಗಿ ಕೇಳಿದ ಪ್ರಶ್ನೆ ನಮ್ಮಲ್ಲಿಯೂ ಹಳೆಯದು. ದೇವರೇ ಜಗತ್ತನ್ನು ಮಾಡಿದ್ದಾದರೆ ಅವನಿಗೆ ಪಕ್ಷಪಾತ ಮತ್ತು ನಿಷ್ಕರುಣೆ ಎಂಬ ಎರಡು ದೋಷಗಳು ತಗಲುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ನೇರವಾಗಿ ಎತ್ತಿಕೊಳ್ಳುತ್ತದೆ. ಜೀವಿಗಳ ಕರ್ಮವನ್ನು ಅನುಸರಿಸಿಯೇ ಸೃಷ್ಟಿಯಾದುದರಿಂದ ಆ ದೋಷವಿಲ್ಲ ಎಂಬುದು ಅಲ್ಲಿನ ಸಮಾಧಾನ.

ಆ ಸಮಾಧಾನ ತರ್ಕಕ್ಕೆ ಒಗ್ಗುತ್ತದೆ, ಆದರೆ ಅದನ್ನು ಹಿಡಿದುಕೊಂಡು ಉಳುವರೆಗೆ ಹೋಗಿ ಸತ್ತವರ ಮನೆಯ ಜಗಲಿಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಅವರ ಪ್ರಾರಬ್ಧ ಎನ್ನುವುದಕ್ಕೂ ಅವರ ಪಾಪ ಎನ್ನುವುದಕ್ಕೂ ಕೇಳುವವರ ಕಿವಿಯಲ್ಲಿ ಅಂತರವಿಲ್ಲ. ನ್ಯಾಯದರ್ಶನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನನ್ನು ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ ದಾರಿಯಿಂದ, ಸಾಧಿಸಲು ಹೊರಟರು. ಮೀಮಾಂಸಕರು ವೇದವನ್ನು ಒಪ್ಪಿಯೂ ಜಗತ್ಕರ್ತನನ್ನು ಒಪ್ಪಲಿಲ್ಲ. ಒಂದೇ ಪರಂಪರೆಯ ಒಳಗೆ ಇಷ್ಟು ಜಗಳಕ್ಕೆ ಜಾಗವಿತ್ತು. ನಿಮ್ಮಲ್ಲಿಯೂ ಇರಬಹುದಲ್ಲವೇ ಎಂದು ತಿಳಿಯುವ ಕುತೂಹಲ ನನ್ನದು.

ಕೋಡಿಬಾಗದ ಮಾಸ್ತರ

ಇದೆ, ತೋಟಿಗರೇ. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ದೇವರ ಅಸ್ತಿತ್ವಕ್ಕೆ ಐದು ದಾರಿಗಳನ್ನು ತೋರಿಸುವ ಮೊದಲು ತಮಗೆ ತಾವೇ ಎರಡು ಆಕ್ಷೇಪಗಳನ್ನು ಒಡ್ಡಿಕೊಳ್ಳುತ್ತಾರೆ. ಅನಂತ ಒಳಿತಿನ ದೇವರಿದ್ದರೆ ಕೆಡುಕು ಇರಲೇಬಾರದಿತ್ತು ಎಂಬುದು ಮೊದಲನೆಯದು. ಜಗತ್ತಿನ ಎಲ್ಲವನ್ನೂ ನಿಸರ್ಗ ಮತ್ತು ಮನುಷ್ಯನ ಇಚ್ಛೆಯಿಂದಲೇ ವಿವರಿಸಬಹುದಾದ್ದರಿಂದ ದೇವರ ಅಗತ್ಯವಿಲ್ಲ ಎಂಬುದು ಎರಡನೆಯದು. ಹದಿಮೂರನೆಯ ಶತಮಾನದ ಸನ್ಯಾಸಿಯೊಬ್ಬ ಬರೆದ ಈ ಎರಡು ವಾಕ್ಯಗಳಿಗಿಂತ ಹೆಚ್ಚಿನದನ್ನು ಇಂದಿನ ನಾಸ್ತಿಕರೂ ಹೇಳುವುದಿಲ್ಲ. ಅಕ್ವಿನಾಸರ ಉತ್ತರ ನನಗೆ ಪೂರ್ತಿ ಸಾಲುವುದಿಲ್ಲ. ಕೆಡುಕಿನಿಂದಲೂ ಒಳಿತನ್ನು ಹೊರತೆಗೆಯುವಷ್ಟು ಶಕ್ತ ದೇವರು ಎಂಬ ಆ ಉತ್ತರವನ್ನು, ತೋಟಿಗರು ಹೇಳಿದ ಹಾಗೆ, ಜಗಲಿಯಲ್ಲಿ ಕುಳಿತು ಹೇಳಲಾಗುವುದಿಲ್ಲ.

ಆದರೆ ಅಕ್ವಿನಾಸರದೇ ಇನ್ನೊಂದು ವಿಚಾರ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ದೇವರು ಎಲ್ಲವನ್ನೂ ತಾನೇ ನೇರವಾಗಿ ಮಾಡುವುದಿಲ್ಲ, ಸೃಷ್ಟಿಗೂ ಕಾರಣವಾಗುವ ಘನತೆಯನ್ನು ಕೊಟ್ಟಿದ್ದಾನೆ. ಕಾಳಿಯಲ್ಲಿ ಕೈ ನೀಡಿದ್ದು ಕತ್ತಲಲ್ಲಿ ನೀರಿಗಿಳಿದ ಮೀನುಗಾರರು. ಅದನ್ನು ದೇವರ ಕೈ ಎಂದು ಕರೆಯುವವರು ಮೊದಲು ಆ ಮೀನುಗಾರರ ಹೆಸರನ್ನು ಕೇಳಿ ತಿಳಿಯಬೇಕು. ನಮ್ಮ ಅಂಗಳದಲ್ಲಿ ಒಬ್ಬರೂ ಕೇಳಲಿಲ್ಲ ಎಂಬುದು ನನ್ನ ಸಿಟ್ಟಿನ ಅರ್ಧ ಭಾಗ.

ತಂಗಿಗೆ ಒಂದು ಮಾತು. ಬೈಬಲಿನ ಶುಭಸಂದೇಶದಲ್ಲಿ ನಿನ್ನ ಪ್ರಶ್ನೆಗೆ ತೀರ ಹತ್ತಿರದ ಪ್ರಸಂಗವೊಂದಿದೆ, ಮತ್ತು ಅದೂ ಕಟ್ಟಡ ಕುಸಿದದ್ದೇ. ಲೂಕನ ಹದಿಮೂರನೆಯ ಅಧ್ಯಾಯದ ಮೊದಲಲ್ಲಿ ಯೇಸು ತಾವಾಗಿಯೇ ಸಿಲೋವಾಮಿನ ಗೋಪುರದ ವಿಷಯ ಎತ್ತುತ್ತಾರೆ. ಅದು ಬಿದ್ದು ಸತ್ತ ಹದಿನೆಂಟು ಜನ ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚಿನ ಅಪರಾಧಿಗಳೆಂದು ಭಾವಿಸುತ್ತೀರಾ ಎಂದು ಕೇಳಿ, ಅಲ್ಲ ಎಂದು ತಾವೇ ಉತ್ತರಿಸುತ್ತಾರೆ. ಯೊವಾನ್ನನ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡನ ವಿಷಯದಲ್ಲಿಯೂ ಅಷ್ಟೇ: ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ. ಬಿಸಿಲು ಮಳೆಗಳು ಒಳ್ಳೆಯವರು ಕೆಟ್ಟವರೆನ್ನದೆ ಎಲ್ಲರ ಮೇಲೂ ಬೀಳುತ್ತವೆ ಎಂಬುದು ಮತ್ತಾಯನಲ್ಲಿದೆ. ಹೀಗಿರುವಾಗ ಸತ್ತವರ ಪಾಪವನ್ನು ಹುಡುಕುವುದು ಕ್ರೈಸ್ತ ಕೆಲಸವಲ್ಲ. ನಾನು ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ಯುತ್ತೇನೆ: ಸತ್ತವರ ಪಾಪ ಹುಡುಕಬಾರದಾದರೆ ಉಳಿದವರ ಪುಣ್ಯವನ್ನೂ ಹುಡುಕಬಾರದು. ಸಿಲೋವಾಮಿನ ವಾಕ್ಯಕ್ಕೆ ಎರಡು ಬದಿಗಳಿವೆ. ನಾವು ಒಂದನ್ನೇ ಓದುತ್ತ ಬಂದಿದ್ದೇವೆ.

ಗಂಗಾವಳಿ ದಂಡೆಯವಳು

ಮಾಸ್ತರರೇ, ನೀವು ಪ್ರಾಮಾಣಿಕರೆಂದು ತಿಳಿದೇ ಹೇಳುತ್ತೇನೆ: ಇದು ಉತ್ತರವಲ್ಲ. ಶಿಕ್ಷೆಯಲ್ಲ ಎಂದಾಯಿತು. ಹಾಗಾದರೆ ಏನು? ಬೈಬಲಿನಲ್ಲಿ, ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡ ಯೋಬನ ಗ್ರಂಥದಲ್ಲಿಯೂ ದೇವರು ಕೊನೆಗೆ ಬಿರುಗಾಳಿಯೊಳಗಿಂದ ಮಾತನಾಡಿ, ಭೂಮಿಗೆ ನಾನು ಅಡಿಪಾಯ ಹಾಕುವಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆಯೇ ಹೊರತು ಯೋಬನ ಹತ್ತು ಮಕ್ಕಳು ಯಾಕೆ ಸತ್ತರೆಂದು ಹೇಳುವುದಿಲ್ಲ.

ಕೋಡಿಬಾಗದ ಮಾಸ್ತರ

ಹೇಳುವುದಿಲ್ಲ, ನಿಜ. ಆದರೆ ಯೋಬನಿಗೆ ಸಿದ್ಧ ವಿವರಣೆಗಳನ್ನು ಕೊಟ್ಟ ಮೂವರು ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾನೆ, ಮತ್ತು ದೂರು ಹೇಳಿದ ಯೋಬನೇ ಸರಿಯಾಗಿ ಮಾತನಾಡಿದ ಎನ್ನುತ್ತಾನೆ. ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ; ಇದೆಯೆಂದು ಹೇಳಿಕೊಳ್ಳುವವರ ಸಾಲಿನಲ್ಲಿ ನಿಲ್ಲುವ ಇಷ್ಟವೂ ಇಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಇಗರ್ಜಿಗಳಲ್ಲಿ ತುಂಬಿದ್ದಾಗಲೇ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ಎಲ್ಲವೂ ಒಳ್ಳೆಯದಕ್ಕೇ ಎಂಬ ತತ್ತ್ವಕ್ಕೆ ಫ್ರೆಂಚ್ ಲೇಖಕ ವಾಲ್ಟೇರ್ ಅಂದು ಕೊಟ್ಟ ಪೆಟ್ಟಿನಿಂದ ಆ ತತ್ತ್ವ ಚೇತರಿಸಿಕೊಂಡಿಲ್ಲ, ಚೇತರಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲವೆಂಬುದು ನನ್ನ ಅಭಿಪ್ರಾಯ. ನನ್ನ ನಂಬಿಕೆ ಆ ತತ್ತ್ವದ ಮೇಲೆ ನಿಂತಿಲ್ಲ.

ಚಂದಾವರ ವಾಸಿ

ಹಾಗಾದರೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಾವು ಏನನ್ನು ಬೇಡಬೇಕು? ಸಮುದ್ರಕ್ಕೆ ಹೋದವರು ಸುರಕ್ಷಿತವಾಗಿ ಬರಲಿ ಎಂದು ಬೇಡುವುದನ್ನೂ ಬಿಡಬೇಕೇ?

ಹೊನ್ನಾವರದ ನರ್ಸಕ್ಕ

ಬಿಡಬೇಕಾಗಿಲ್ಲ, ಅಣ್ಣ. ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಬೇಡಿದರು, ಬೇಡಿದ್ದು ಸಿಗಲಿಲ್ಲ. ಬೇಡುವವರಿಗೆ ಅದಕ್ಕಿಂತ ದೊಡ್ಡ ಮಾದರಿ ಬೇಕೇ? ಜೊತೆಗೆ ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂದೂ ಪೀಠದಿಂದ ಹೇಳಿಸಿ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದದ್ದು ಸೈತಾನನೇ.

ಮಲ್ಲಾಪುರ ನಿವಾಸಿ

ಈಗ ನನ್ನ ನಿಜವಾದ ಪ್ರಶ್ನೆ. ಮಾಸ್ತರರೇ, ಕಾಳಿಯ ಪವಾಡಕ್ಕೆ ಹಚ್ಚಿದ ಒರೆಗಲ್ಲನ್ನೇ ಪುನರುತ್ಥಾನಕ್ಕೆ ಹಚ್ಚುತ್ತೀರಾ? ಕ್ರಿಸ್ತ ಎದ್ದುಬರದಿದ್ದರೆ ನಮ್ಮ ವಿಶ್ವಾಸ ವ್ಯರ್ಥವೆಂದು ಆದಿಸಭೆಯ ಪ್ರಚಾರಕ ಪೌಲನೇ ಕೊರಿಂಥ ನಗರದವರಿಗೆ ಬರೆದಿದ್ದಾನೆ. ಅಲ್ಲಿ ಮಾತ್ರ ತರ್ಕವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುವುದು ಮೋಸವಾಗುತ್ತದೆ. ಮಾರ್ಕನ ಶುಭಸಂದೇಶದ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳೆರಡರಲ್ಲೂ ಇಲ್ಲ. ಸಮಾಧಿಗೆ ಹೋದ ಸ್ತ್ರೀಯರ ಪಟ್ಟಿ ನಾಲ್ವರು ಶುಭಸಂದೇಶಕಾರರಲ್ಲಿ ನಾಲ್ಕು ಬಗೆಯಾಗಿದೆ.

ಕೋಡಿಬಾಗದ ಮಾಸ್ತರ

ಹಚ್ಚಲೇಬೇಕು, ಹಚ್ಚಿದ್ದೇನೆ. ಅಲ್ಲಿಯ ಸಾಕ್ಷ್ಯ ಬೇರೆ ಬಗೆಯದು. ಕೊರಿಂಥದವರಿಗೆ ಬರೆದ ಆ ಮೊದಲ ಪತ್ರ ಕ್ರಿ.ಶ. 50ರ ದಶಕದ್ದು, ಅಂದರೆ ಶಿಲುಬೆಯ ಘಟನೆಯಿಂದ ಇಪ್ಪತ್ತೈದು ವರ್ಷಗಳ ಆಸುಪಾಸಿನದು. ತನಗೆ ದೊರೆತದ್ದನ್ನೇ ನಿಮಗೆ ಒಪ್ಪಿಸಿದ್ದೇನೆಂದು ಹೇಳಿ ಪೌಲ ಸಾಕ್ಷಿಗಳ ಪಟ್ಟಿ ಕೊಡುತ್ತಾನೆ. ಸ್ತ್ರೀಯರ ಹೆಸರುಗಳಲ್ಲಿನ ವ್ಯತ್ಯಾಸ ನನ್ನನ್ನು ಕಾಡುವುದಿಲ್ಲ, ಮಗ್ದಲದ ಮರಿಯಳು ನಾಲ್ಕರಲ್ಲೂ ಇದ್ದಾಳೆ. ಒಂದೇ ಅಪಘಾತವನ್ನು ಕಂಡ ನಾಲ್ವರು ಅಕ್ಷರಕ್ಕೆ ಅಕ್ಷರ ಒಂದೇ ಹೇಳಿದರೆ ಪೊಲೀಸರಿಗೇ ಅನುಮಾನ ಬರುತ್ತದೆ. ಮಾರ್ಕನ ಕೊನೆಯ ವಚನಗಳ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ. ಇದು ಸಾಧಿಸಿ ತೋರಿಸಿದ ಪ್ರಮೇಯವಲ್ಲ, ವಿಶ್ವಾಸ. ಆದರೆ ಪರಿಶೀಲನೆಯಿಂದ ವಿನಾಯಿತಿ ಕೇಳುವ ವಿಶ್ವಾಸವಲ್ಲ.

ಶಿರಸಿ ತೋಟಿಗ

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಇಂಥ ಸಾಕ್ಷ್ಯವನ್ನು ಶಬ್ದಪ್ರಮಾಣದಲ್ಲಿ (ನಂಬಲರ್ಹನ ಮಾತಿನಿಂದ ತಿಳಿಯುವುದರಲ್ಲಿ) ಸೇರಿಸುತ್ತಾರೆ. ಆದರೆ ಹೇಳುವವನು ಆಪ್ತನಾಗಿರಬೇಕು: ವಿಷಯವನ್ನು ತಾನೇ ಬಲ್ಲವನಾಗಿ, ಇದ್ದದ್ದನ್ನು ಇದ್ದಂತೆ ಹೇಳುವ ಇಚ್ಛೆಯುಳ್ಳವನಾಗಿರಬೇಕು. ಇಂಥ ಸಾಕ್ಷಿಗಳ ಪರವಾಗಿ ಹೇಳುವ ಹಾಗೆ, ತನ್ನ ಮಾತಿಗಾಗಿ ಸಾಯಲು ಸಿದ್ಧನಾದವನು ಸುಳ್ಳು ಹೇಳುತ್ತಿಲ್ಲ ಎನ್ನಬಹುದು. ಅವನು ಕಂಡದ್ದು ಸರಿಯೇ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ನಿಮ್ಮ ವಾದದ ಮೆತ್ತನೆಯ ಜಾಗ ಅದು.

ಗಂಗಾವಳಿ ದಂಡೆಯವಳು

ಪೌಲನ ಪಟ್ಟಿಯಲ್ಲಿ ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಂಡರೆಂದಿದೆ. ಅವರಲ್ಲಿ ಒಬ್ಬರ ಹೆಸರೂ ಇಲ್ಲ, ಊರೂ ಇಲ್ಲ, ಶುಭಸಂದೇಶಗಳಲ್ಲಿ ಅಂಥ ಸಭೆಯ ಸುದ್ದಿಯೂ ಇಲ್ಲ. ಕೊರಿಂಥದಲ್ಲಿ ಕುಳಿತವನು ಸಮುದ್ರ ದಾಟಿ ಹೋಗಿ ಯಾರನ್ನು ಕೇಳಬೇಕಿತ್ತು? ಇಂಥ ಸುದ್ದಿಯನ್ನು ಕಾಳಿ ಸೇತುವೆಯ ಬಗ್ಗೆ ಯಾರಾದರೂ ತಂದಿದ್ದರೆ ನೀವು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಿರಾ?

ಕೋಡಿಬಾಗದ ಮಾಸ್ತರ

ಬರೆದುಕೊಳ್ಳುತ್ತಿರಲಿಲ್ಲ, ಮತ್ತು ಆ ಐನೂರರ ಮೇಲೆ ನಾನು ಭಾರ ಹಾಕುವುದೂ ಇಲ್ಲ. ನಾನು ಭಾರ ಹಾಕುವುದು ಇಬ್ಬರ ಮೇಲೆ. ಜೆರುಸಲೇಮಿಗೆ ಹೋಗಿ ಹದಿನೈದು ದಿನ ಪೇತ್ರನ ಜೊತೆಗಿದ್ದೆನೆಂದೂ, ಅಲ್ಲಿ ಪ್ರಭುವಿನ ಸಹೋದರ ಯಾಕೋಬನನ್ನೂ ಕಂಡೆನೆಂದೂ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಹೇಳುತ್ತಾನೆ. ಹೇಳುತ್ತಿರುವುದು ಸುಳ್ಳಲ್ಲವೆಂದು ದೇವರ ಮುಂದೆ ಆಣೆಯನ್ನೂ ಇಡುತ್ತಾನೆ. ಆ ಇಬ್ಬರ ಹೆಸರೂ ಕೊರಿಂಥದ ಪಟ್ಟಿಯಲ್ಲಿದೆ. ಅಂದರೆ ಪಟ್ಟಿ ಕೊಟ್ಟವನು ಪಟ್ಟಿಯಲ್ಲಿದ್ದವರ ಜೊತೆ ಮಾತನಾಡಿದ್ದಾನೆ. ತೋಟಿಗರು ತೋರಿಸಿದ ಮೆತ್ತನೆಯ ಜಾಗ, ಅವರು ಕಂಡದ್ದೇನು ಎಂಬುದು, ಇದರಿಂದ ಗಟ್ಟಿಯಾಗುವುದಿಲ್ಲ. ಅದನ್ನು ಮಲ್ಲಾಪುರದವರು ತಮ್ಮ ಲೆಕ್ಕಕ್ಕೆ ಹಾಕಿ ನೋಡಲಿ. ಸಾಕ್ಷ್ಯ ನೋಡುವ ಮೊದಲು ಎಷ್ಟು ಸಾಧ್ಯತೆಯ ಅಂಕಿಯಿಂದ ಹೊರಟರೆಂಬುದನ್ನು ಮಾತ್ರ ಮುಚ್ಚಿಡದೆ ಬರೆಯಲಿ, ಏಕೆಂದರೆ ಹ್ಯೂಮರಿಗೂ ಪ್ರೈಸರಿಗೂ ಇದ್ದ ಜಗಳದ ದೊಡ್ಡ ಪಾಲು ಅಲ್ಲಿಯೇ ಇದೆ.